ಇನ್ನೊಂದು ಮನೆ

ನಿಶ್ಚಿತಾರ್ಥದ ದಿನ ತಾಂಬೂಲ ಬದಲಾಯಿಸಿಕೊಂಡದ್ದು ದೊಡ್ಡವರು.
ನಾವಾಡಿದ್ದು ಎರಡೇ ಮಾತು:
'ಊಟ ಆಯ್ತಾ?'
'ಆಯ್ತು, ನಿಮ್ಮದು?'
ಧನುರ್ಮಾಸ ಕಳೆಯಲಿ ಅಂದರು,
ಕಳೆದ ಮೇಲೆ ಛತ್ರ ಸಿಗಲಿಲ್ಲ.
ಹೀಗೆ ನಮ್ಮ ಪಾಲಿಗೆ ಬಂದದ್ದು ಐದು ತಿಂಗಳು
ಮತ್ತು ಒಂದು ಕೆಲಸ, ಬಾಡಿಗೆ ಮನೆ ಹುಡುಕುವುದು.

ಭಾನುವಾರಕ್ಕೆ ಮೂರು ಮನೆ,
ಲಗ್ಗೆರೆ, ಸುಂಕದಕಟ್ಟೆ, ಹೆಗ್ಗನಹಳ್ಳಿ ಕ್ರಾಸು.
ಬ್ರೋಕರ್ ಸಿದ್ದಲಿಂಗಣ್ಣ ಬೀಗ ತೆಗೆದು
'ನೋಡ್ತಿರಿ, ಒಂದು ಬೀಡಿ ಸೇದಿ ಬರ್ತೀನಿ'
ಎಂದು ಮೆಟ್ಟಿಲಿಳಿಯುತ್ತಾನೆ.
ಅವನ ಬೀಡಿ ಹತ್ತು ನಿಮಿಷ ಉರಿಯುತ್ತದೆ.

ಈ ಊರಲ್ಲಿ ನಮಗೆ ಬೇರೆ ಜಾಗವಿಲ್ಲ.
ಪಾರ್ಕಿನಲ್ಲಿ ಕಾವಲಿನವನ ಸೀಟಿ,
ದರ್ಶಿನಿಯಲ್ಲಿ ಲೋಟ ಕೆಳಗಿಡುವ ಮೊದಲೇ
ಆ ಚೂರು ಜಾಗಕ್ಕೆ ಇನ್ನೊಬ್ಬರ ತಟ್ಟೆ,
ನಮ್ಮ ಮನೆಯಲ್ಲಿ ಅಜ್ಜಿ,
ಅವರ ಮನೆಯಲ್ಲಿ ಮೂವರು ತಂಗಿಯರು.

ರಂಗಧಾಮ ಲಿಫ್ಟ್ ಮೆಕ್ಯಾನಿಕ್ಕು.
ಒಳಗೆ ಹೋದೊಡನೆ ಒಂದು ಕಣ್ಣು ಮುಚ್ಚಿ
ಗೋಡೆ ನೆಟ್ಟಗಿದೆಯಾ ನೋಡುತ್ತಾರೆ.
ನಾನು ನಲ್ಲಿ ತಿರುಗಿಸುತ್ತೇನೆ.
ಅದು ಕೆಮ್ಮಿ, ಮೂರು ಹನಿ ತುಕ್ಕು ಉಗಿದು, ಸುಮ್ಮನಾಗುತ್ತದೆ.

ಲಗ್ಗೆರೆಯಲ್ಲಿ ನಾವು ಜಗಳವಾಡಿದೆವು
ಬೀರು ಎಲ್ಲಿಡುವುದೆಂದು.
ಬೀರು ಇನ್ನೂ ಕೊಂಡಿರಲಿಲ್ಲ.
ಸುಂಕದಕಟ್ಟೆಯಲ್ಲಿ, ಎರಡು ವರ್ಷ ಮಗು ಬೇಡ ಅಂದೆ.
ಮೂರು, ಅಂದರು ಅವರು.
ಯಾರೋ ಬಿಟ್ಟುಹೋದ ಕ್ಯಾಲೆಂಡರ್ ಮೊಳೆ
ಕೇಳಿಸಿಕೊಂಡಿತು.

ಅಪ್ಪನ ಚೀಟಿ ದುಡ್ಡು ಮುಳುಗಿದ್ದು ನಾನು ಹೇಳಿದ್ದು
ಹೆಗ್ಗನಹಳ್ಳಿಯ ಬಚ್ಚಲಲ್ಲಿ ನಿಂತು.
ಅವರು ಬೆರಳ ಗೆಣ್ಣಿನಿಂದ ಟೈಲ್ಸ್ ತಟ್ಟಿ ತಟ್ಟಿ ನೋಡಿದರು,
ಒಂದೊಂದನ್ನೂ, ಕೊನೆಯ ಸಾಲಿನವರೆಗೆ.
ಆಮೇಲೆ, ಹಿಂತಿರುಗದೆ,
'ನಮ್ಮಮ್ಮನ ಹತ್ರ ಸ್ಟೀಲ್ ಪಾತ್ರೆ ಎರಡು ಸೆಟ್ ಇದೆ.
ಮಂಚಾನೂ ಇದೆ. ಒಂದು ಕಾಲಿಗೆ ಬೋಲ್ಟ್ ಹಾಕಿದ್ರೆ ಆಯ್ತು.'

ಕೊಟ್ಟಿಗೆಪಾಳ್ಯದ ಅಡುಗೆಮನೆಯಲ್ಲಿ ಸಜ್ಜೆ ತಗ್ಗು.
ಠಣ್ಣೆಂದಿತು ಹಣೆ.
'ನೋಡ್ಕೊಂಡು ನಡಿಯೋ!' ಅಂದುಬಿಟ್ಟೆ.
ತಕ್ಷಣ ನಾಲಿಗೆ ಕಚ್ಚಿಕೊಂಡೆ.
ಹಗಲೆಲ್ಲ ಲ್ಯಾಬಿನಲ್ಲಿ ರಕ್ತದ ಸೀಸೆಗಳಿಗೆ ಹೆಸರು ಅಂಟಿಸುವವಳು ನಾನು,
ಈವರೆಗೆ ಒಂದೂ ತಪ್ಪು ಅಂಟಿಸಿಲ್ಲ.
ಅವನು ಹಣೆ ಉಜ್ಜಿಕೊಳ್ಳುತ್ತ ನಕ್ಕ.
'ಇನ್ನೊಂದು ಸಲ ಅನ್ನು.'

ಆ ಮನೆ ನಮಗಾಗಲಿಲ್ಲ.
ಮಾಂಸ ಮಾಡ್ತೀರಾ, ಎಂದು ಗೇಟಿನಲ್ಲೇ ಕೇಳಿದರು.
'ಭಾನುವಾರ ಮಾತ್ರ' ಅಂದ ಅವನು, ಸುಳ್ಳು ಬಾರದವನು.
ಆ ಒಂದು ಮಾತಿಗೆ ಕೈತಪ್ಪಿದ್ದು ಆರು ಮನೆ.
ಏಳನೆಯ ಮನೆಯ ಮುದುಕಿ ಮಾತ್ರ
ಕಡ್ಡಿ ಪೊರಕೆ ಗೋಡೆಗೊರಗಿಸಿ,
'ಸಾರು ಕುದಿಯುವಾಗ ವಾಸನೆ ಮೇಲಿಂದ ಬರುತ್ತೆ ಕಣಪ್ಪ.
ಒಂದು ಬಟ್ಟಲು ಕೆಳಗೆ ಕಳಿಸ್ಬೇಕು' ಅಂದಳು.

ಮೂರನೇ ಮಹಡಿ. ಒಂದು ರೂಮು, ಹಾಲು, ನೀರು ದಿನ ಬಿಟ್ಟು ದಿನ.
ಲಿಫ್ಟಿಲ್ಲ. 'ಬದುಕಿದೆ' ಅಂದ.
ಟೋಕನ್ ಐದು ಸಾವಿರ,
ಅರ್ಧ ನನ್ನ ಪರ್ಸಿನಿಂದ, ಅರ್ಧ ಅವನ ಜೇಬಿನಿಂದ.
ಇಳಿಯುವಾಗ ಇಬ್ಬರೂ ಮೆಟ್ಟಿಲು ಎಣಿಸಿದೆವು,
ಅವನಿಗೆ ನಲವತ್ತೊಂದು, ನನಗೆ ನಲವತ್ತೆರಡು.
ಮತ್ತೆ ಹತ್ತಿ ನೋಡಲು ನೆಪ ಸಾಲದೆ
ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತೆವು.

ಮುಂದಿನ ಭಾನುವಾರ
ಅಕ್ಕಿ ಆರಿಸುತ್ತ ಕೂತವಳಿಗೆ ಸಿದ್ದಲಿಂಗಣ್ಣನ ಫೋನು:
'ನಾಗರಭಾವಿಯಲ್ಲಿ ಒಂದು ಖಾಲಿಯಾಗಿದೆ.'
ಟೋಕನ್ ಕೊಟ್ಟಾಯ್ತಲ್ಲಣ್ಣ, ಅಂದೆ.
'ಕೊಡಿಸಿದ್ದು ನಾನೇ ಅಲ್ವೇನಮ್ಮ.
ಸುಮ್ನೆ ನೋಡಿ ಹೋಗಿ. ಬೀಡಿ ತಂದಿದ್ದೀನಿ.'

ಹೋದೆವು.
ಡೂಪ್ಲೆಕ್ಸು. ಒಳಗೇ ಮೆಟ್ಟಿಲು, ಎರಡು ಬಾಲ್ಕನಿ,
ನಮ್ಮಿಬ್ಬರ ಸಂಬಳ ಕೂಡಿದರೂ ಸಾಲದ ಬಾಡಿಗೆ.
'ಬೀರು ಎಲ್ಲಿಡೋಣ?' ಅಂದೆ.
ಅವನು ಬಾಗಿಲು ಮುಂದೆ ಮಾಡಿದ.