ಶನಿವಾರದ ಸಂಸಾರ

ಕೆಲಾಂತಾನಿನಲ್ಲಿ ರಜೆ ಶುಕ್ರವಾರ, ಶನಿವಾರ.
ಕ್ವಾಲಾಲಂಪುರದಲ್ಲಿ ಶನಿವಾರ, ಭಾನುವಾರ.
ಅಸ್ರುಲ್ ಕೋಟಾ ಭಾರುವಿನಲ್ಲಿ ಗಣಿತದ ಮೇಷ್ಟ್ರು,
ನಾನು ಇಲ್ಲಿ ವಿಮಾ ಕಂಪನಿಯ ಹದಿನಾಲ್ಕನೇ ಮಹಡಿ.
ಎರಡು ಕ್ಯಾಲೆಂಡರು ಒಂದರ ಮೇಲೊಂದಿಟ್ಟು
ಬೆಳಕಿಗೆ ಹಿಡಿದರೆ
ಎರಡರಲ್ಲೂ ಕೆಂಪಾಗಿರುವುದು ಒಂದೇ ಮನೆ.
ನಾಲ್ಕು ವರ್ಷದಿಂದ ನಮ್ಮ ವಾಸ ಆ ಮನೆಯಲ್ಲೇ.
ಬಾಡಿಗೆ ವಿಮಾನದವರಿಗೆ.

ಟಿಕೆಟ್ಟು ಕೊಳ್ಳುವವಳು ನಾನು,
ಮಂಗಳವಾರ ನಡುರಾತ್ರಿ ದಾಟಿ, ದರ ಇಳಿದಾಗ.
ಎಪ್ಪತ್ತೊಂಬತ್ತು ರಿಂಗಿಟ್.
ಪೆಟ್ಟಿಗೆ ಒಪ್ಪಿಸಿದರೆ ಇನ್ನೂ ತೊಂಬತ್ತು;
ಮೂಗಿಗಿಂತ ಮೂಗುತಿ ಭಾರ.
ಹಾಗಾಗಿ ಕೈಚೀಲ, ಏಳು ಕಿಲೋ.
ಏಳು ಕಿಲೋದಲ್ಲಿ ಏನೇನು ಹಿಡಿಯುತ್ತದೆಂದು ನನ್ನನ್ನು ಕೇಳಿ:
ಎರಡು ಜೊತೆ ಬಟ್ಟೆ, ನಮಾಜಿನ ಬಿಳಿ ನಿಲುವಂಗಿ,
ಅವನ ಕಿತ್ತ ಅಂಗಿ, ಗುಂಡಿ ಹಾಕಿಸಿ ತಂದದ್ದು.
ಜಗಳ ಹಿಡಿಯುವುದಿಲ್ಲ.
ಅದನ್ನು ಫೋನಿನಲ್ಲೇ ಆಡಿ ತೀರಿಸಬೇಕು, ಬುಧವಾರದೊಳಗೆ.
ಗುರುವಾರ ಮೌನ.
ಶುಕ್ರವಾರ ವಿಮಾನದ ಬಾಗಿಲು ಮುಚ್ಚುವ ಹೊತ್ತಿಗೆ ರಾಜಿ.

ಹೋಗುವಾಗ ಹಗುರ. ಬರುವಾಗ ಅತ್ತೆ.
ಮೆಕ್ ಯಾಹ್ ತಕ್ಕಡಿಯನ್ನು ನಂಬಿದವಳಲ್ಲ.
ಒಮ್ಮೆ ಟವೆಲಿನ ಸುರುಳಿಯೊಳಗೆ ಬುಡುವಿನ ಶೀಸೆ ಇಟ್ಟಿದ್ದಳು,
ನೆತ್ತೋಲಿ ಮೀನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಕಳಿತು
ಇಳಿಸಿಕೊಟ್ಟ ಕಪ್ಪು ರಸ.
ನಾರುವ ಪದಾರ್ಥ ವಿಮಾನಕ್ಕಿಲ್ಲ.
ತಪಾಸಣೆಯ ಹುಡುಗ ಮುಚ್ಚಳ ತಿರುಗಿಸಿ, ಮೂಸಿ,
ಇನ್ನೊಮ್ಮೆ ಮೂಸಿ,
"ಅಕ್ಕಾ, ಯಾರ ಮನೆಯದು?" ಅಂದ.
ಹೇಳಿದೆ.
ಬುಟ್ಟಿಗೆ ಹಾಕಲಿಲ್ಲ, ಮೇಜಿನಡಿ ಇಟ್ಟುಕೊಂಡ.
ಮುಂದಿನ ವಾರ ನನ್ನನ್ನು ಕಂಡು ಸುಮ್ಮನೆ ತಲೆದೂಗಿದ.
ಅತ್ತೆಗೆ ಹೇಳಿದೆ:
ಉಂಡವರೆಲ್ಲ ಚೆನ್ನಾಗಿದೆ ಅಂದರು.

ಹಾರುವುದು ಐವತ್ತೈದು ನಿಮಿಷ.
ನಡುವೆ ತಿತಿವಾಂಗ್ಸಾ ಬೆಟ್ಟಸಾಲು, ಕತ್ತಲಲ್ಲಿ ಕಾಣುವುದಿಲ್ಲ;
ಯಾರದೋ ನೂಡಲ್ಸಿನ ಬಿಸಿನೀರು ನಡುಗಿದಾಗ
ಕೆಳಗಿದೆ ಎಂದು ಗೊತ್ತಾಗುತ್ತದೆ.
ಶುಕ್ರವಾರ ರಾತ್ರಿಯವರೆಲ್ಲ ಮುಖಪರಿಚಯ.
ಬೂಟು ಸಡಿಲಿಸಿ ಮಲಗುವ ಸಿಪಾಯಿ,
ನಿಂತೇ ನಿದ್ದೆ ಮಾಡಬಲ್ಲ ನರ್ಸು,
ತಾಯಿಯ ಡಯಾಲಿಸಿಸ್ಸಿಗೆ ಹೋಗುವ ದಪ್ಪ ಮನುಷ್ಯ.
ಹೆಸರು ಕೇಳಿದ್ದಿಲ್ಲ.
ಆ ದಪ್ಪ ಮನುಷ್ಯ ಈಗ ಮೂರು ವಾರದಿಂದ ಕಾಣುತ್ತಿಲ್ಲ.
ಕೇಳುವುದು ಯಾರನ್ನು?

ಒಂದು ಸಲ ವಿಮಾನವೇ ಬರಲಿಲ್ಲ.
ರಾತ್ರಿಯೆಲ್ಲ ಕಬ್ಬಿಣದ ಕುರ್ಚಿ, ಹೊರಟದ್ದು ಶನಿವಾರ ಹನ್ನೊಂದಕ್ಕೆ.
ಪರಿಹಾರವೆಂದು ಒಂದು ಬನ್ನು, ಒಂದು ಬಾಟಲಿ ನೀರು ಕೊಟ್ಟರು.
ಅರ್ಧ ಸಂಸಾರಕ್ಕೆ ಒಂದು ಬನ್ನು.
ತಿಂದೆ. ಹಸಿವಾಗಿತ್ತು.

ಕಳೆದ ಹಬ್ಬದಲ್ಲಿ, ಮೊದಲ ಬಾರಿ, ಇಬ್ಬರಿಗೂ ಒಂದೇ ವಿಮಾನ.
ತರಬೇತಿಗೆಂದು ಬಂದಿದ್ದ, ಜೊತೆಯಲ್ಲೇ ಊರಿಗೆ ಹೊರಟೆವು.
ಪಕ್ಕಪಕ್ಕ ಕೂರಲು ತಲಾ ಹದಿನೈದು ರಿಂಗಿಟ್ ಹೆಚ್ಚು.
"ಒಂದು ಗಂಟೆ ತಾನೆ," ಅಂದೆ.
"ಅಷ್ಟೇ ತಾನೆ," ಅಂದ.
ಅವನಿಗೆ ಒಂಬತ್ತನೇ ಸಾಲು ಬಂತು, ನನಗೆ ಹದಿನಾಲ್ಕು.

ಹಿಂದಿನಿಂದ ನೋಡಿದೆ.
ನೆತ್ತಿಯ ಮೇಲೆ ನಾಣ್ಯದಗಲ ಕೂದಲಿಲ್ಲ. ಯಾವಾಗಿನಿಂದ?
ಪಕ್ಕದ ಮುದುಕನಿಗೆ ಬೆಲ್ಟು ಬಿಗಿದುಕೊಟ್ಟ,
ಏನೋ ಹೇಳಿದ, ತಾನೇ ಮೊದಲು ನಕ್ಕ.
ಆ ನಗು ನಾನು ಕಂಡದ್ದಲ್ಲ.
ನನಗೆಂದು ಇಸ್ತ್ರಿ ಮಾಡಿಡುವ ನಗು ಬೇರೆ;
ಇದು ಸುಕ್ಕುಸುಕ್ಕು, ಸ್ಟಾಫ್ ರೂಮಿನದು, ಮಂಗಳವಾರದ್ದು.
ನನ್ನ ಗಂಡನ ಒಂದು ಮಂಗಳವಾರ
ಐದು ಸಾಲು ಆಚೆ ಕೂತು
ಯಾರದೋ ಕಡಲೆಕಾಯಿ ಹಂಚಿಕೊಂಡು ತಿನ್ನುತ್ತಿತ್ತು.

ಇಳಿದ ಮೇಲೆ ಕೇಳಿದ, "ನಿದ್ದೆ ಮಾಡಿದೆಯಾ?"
"ಹೂಂ," ಅಂದೆ.

ಈಗಲೂ ನಡುರಾತ್ರಿ ಟಿಕೆಟ್ಟು ಕೊಳ್ಳುವಾಗ
ಸೀಟುಗಳ ನಕ್ಷೆಯ ಮುಂದೆ ಬೆರಳು ತಡೆಯುತ್ತದೆ.
ಹೋಗುವವಳು ಒಬ್ಬಳೇ, ಯಾವ ಸೀಟಾದರೇನು.
ಆದರೂ ಒಂದೊಂದು ಸಲ
ಹದಿನೈದು ರಿಂಗಿಟ್ ತೆತ್ತು
ಹದಿನಾಲ್ಕನೇ ಸಾಲು ಹಿಡಿಯುತ್ತೇನೆ.