ಕಾಲೂರದೆ

ಕಾಲೂರಿದರೆ ಒಂದು.
ಎರಡು ಸಲ ಊರಿದರೆ ಎರಡು,
ಮೂರಾದಮೇಲೆ ಎಷ್ಟು ಊರಿದರೂ ಮೂರೇ.
ಬಿದ್ದರೆ, ಹಿಂದಕ್ಕೆ ಜಾರಿದರೆ, ಗೂಟ ಮೀರಿದರೆ ಐದು.
ಸೊನ್ನೆ ತಂದವರು ಗೆದ್ದ ಹಾಗೆ.
ಇಷ್ಟು ಹೇಳಿ, ಕೈಗೊಂದು ರಟ್ಟು,
ದಾರ ಕಟ್ಟಿದ ಮೋಟು ಪೆನ್ಸಿಲು ಕೊಟ್ಟು
ನಾಲ್ಕನೇ ಗೂಟದ ಬಳಿ ನನ್ನ ನಿಲ್ಲಿಸಿ ಹೋದರು.

ಕ್ರೈಗ್ ದೀ ಅನ್ನುತ್ತಾರೆ ಈ ಗುಡ್ಡಕ್ಕೆ ವೇಲ್ಸಿನವರು.
ಕರಿಗಲ್ಲು ಅಂತ ಅರ್ಥ. ನನ್ನ ನಾಲಗೆಗೆ ಅದೇ ಸಲೀಸು.
ವಾರವೆಲ್ಲ ಲ್ಯಾಂಡ್ರಿಂಡಾಡಿನ ಆಸ್ಪತ್ರೆಯಲ್ಲಿ
ಮುರಿದ ಕಾಲುಗಳ ಎಕ್ಸ್‌ರೇ ತೆಗೆಯುವವಳು;
ಭಾನುವಾರ ಇಲ್ಲಿ, ಗಟ್ಟಿ ಕಾಲುಗಳ ಲೆಕ್ಕಕ್ಕೆ.

ಮೊದಲು ಪೆಟ್ರೋಲಿನವು ಬಂದವು,
ಕಣಿವೆಯ ಆಚೆಯಿಂದಲೇ ಗಂಟಲು ಹರಿದುಕೊಂಡು.
ಮಡಚುವ ಕುರ್ಚಿಯಲ್ಲಿ ಕೂತ ಇಡ್ವಲ್ ಮುದುಕ
ನಲವತ್ತು ವರ್ಷ ಗ್ಯಾರೇಜು ನಡೆಸಿದವನು,
ಕಣ್ಣು ಮುಚ್ಚಿಯೇ ಹೇಳುತ್ತಿದ್ದ:
"ಎರಡನೇ ಗೇರು. ಕ್ಲಚ್ಚು ಸುಡ್ತಿದಾನೆ.
ಈಗ ಕೈಬಿಟ್ಟ. ಬಿದ್ದ ನೋಡು."
ಬಿದ್ದಿರುತ್ತಿದ್ದ.
ನಾನು ಐದು ಬರೆಯುತ್ತಿದ್ದೆ.

ಎಲಿನೆಡ್ ಬಂದದ್ದು ಅವನಿಗೆ ಗೊತ್ತಾಗಲಿಲ್ಲ.
ಕುರಿಗಳಿಗೂ ಇಲ್ಲ, ತಲೆ ಎತ್ತದೆ ಮೇಯುತ್ತಲೇ ಇದ್ದವು.
ಚೈನಿನ ಸಣ್ಣ ಸಿಳ್ಳು,
ಟೈರು ಕಲ್ಲನ್ನು ಅದುಮುವ ಸದ್ದು,
ಆಮೇಲೆ ಉಸಿರು.
ಗುಡ್ಡ ಹತ್ತುವವರು ಇಷ್ಟು ಏದುತ್ತಾರೆಂದು
ಬೆಳಗಿಂದ ನಿಂತಿದ್ದರೂ ಆಗಲೇ ನನಗೆ ತಿಳಿದದ್ದು.

ಮೊದಲ ಸಲ ಗುಂಡಿಯನ್ನು ಮೂರಕ್ಕೆ ತಿರುಗಿಸಿಕೊಂಡು ಬಂದಳು.
ಇದ್ದ ಬಲವನ್ನೆಲ್ಲ ಒಮ್ಮೆಗೇ ಕೇಳಿದಳು.
ಬ್ಯಾಟರಿಗೆ ಹಿಂದುಮುಂದು ಗೊತ್ತಿಲ್ಲ,
ಕೇಳಿದ್ದಷ್ಟನ್ನೂ ಕೊಟ್ಟಿತು.
ಹಿಂದಿನ ಗಾಲಿ ನೆನೆದ ಸ್ಲೇಟಿನ ಮೇಲೆ
ನಿಂತಲ್ಲೇ ಗಿರಗಿರ,
ನನ್ನ ರಟ್ಟಿಗೆ ಕೆಸರು, ಬೈಕು ಅಡ್ಡ.
ಐದು.

ಕೆಳಗಿಳಿದು ಗಾಳಿ ಬಿಟ್ಟಳು,
ಟೈರು ನಾದಿದ ಹಿಟ್ಟಿನ ಹಾಗೆ ಆಗುವ ತನಕ.
ಗುಂಡಿ ಒಂದಕ್ಕೆ.
ಹದಿನೇಳರ ಹುಡುಗಿ, ಎದೆ ಹ್ಯಾಂಡಲಿನ ಮೇಲೆ,
ಮೊಣಕಾಲು ಸಡಿಲ,
ಬೆಣ್ಣೆಯಲ್ಲಿ ಕೂದಲು ತೆಗೆಯುವವಳ ಬೆರಳು ಥ್ರಾಟಲ್ಲಿನ ಮೇಲೆ.
ಒಂದನೇ ಗೂಟ. ಎರಡು. ಬೇರಿನ ಗಂಟು. ಮೂರು.

ನನ್ನೆದುರಿಗೆ ಬಂದು ನಿಂತುಬಿಟ್ಟಿತು.

ಎಂಜಿನ್ನಾದರೆ ಆರಿದ್ದು ಕಿವಿಗೆ ತಿಳಿಯುತ್ತದೆ.
ಇದು ನಿಂತರೆ ಬದುಕಿದೆಯೋ ಸತ್ತಿದೆಯೋ.
ಎರಡು ಗಾಲಿ, ಒಂದು ಮೈ, ಇಡೀ ಇಳಿಜಾರು
ಒಂದು ನೂಲಿಗೆ ತೂಗಿ ನಿಂತಿದ್ದವು.
ಎಡಗಾಲು ಮೆಟ್ಟು ಬಿಟ್ಟು ಕೆಳಗೆ ಹೋಯಿತು,
ಹೀದರ್ ಪೊದೆಯೊಳಗೆ ಹೊಕ್ಕಿತು,
ಹೊರಗೆ ಬಂತು.
ಗಾಲಿ ಕಚ್ಚಿ ಹಿಡಿಯಿತು. ಹೋದಳು.

ಪೊದೆ ತಾಗಿದ್ದು ನಿಜ. ನೆಲ ತಾಗಿತೆ?
ನಿಯಮದ ಹಾಳೆಯಲ್ಲಿ ಪೊದೆಯ ಸುದ್ದಿಯೇ ಇಲ್ಲ.

ನಮ್ಮ ಕಡೆ ಕಾಲೂರುವುದು ಅಂದರೆ ದಂಡವಲ್ಲ, ನೆಲೆ.
ನಾನು ಬಂದ ವರ್ಷ ಹರಿಹರದಿಂದ
ಸುಗುಣತ್ತೆ ಫೋನಿನಲ್ಲಿ ಪ್ರತಿ ಸಲವೂ:
"ಕಾಲೂರಿದ್ಯೇನೇ?"
ಹೂಂ ಅನ್ನುತ್ತಿದ್ದೆ.
ಕಾಲಡಿ ಇದ್ದದ್ದು ನೆಲವೋ ಪೊದೆಯೋ
ಬಗ್ಗಿ ನೋಡಿರಲಿಲ್ಲ.
ಹನ್ನೊಂದು ವರ್ಷವಾಯಿತು. ಅತ್ತೆ ಈಗ ಅದನ್ನು ಕೇಳುವುದಿಲ್ಲ,
ಇಲ್ಲಿ ಟೊಮೆಟೊ ಎಷ್ಟು ಅಂತ ಕೇಳುತ್ತಾಳೆ.

ಸೊನ್ನೆ ಬರೆದೆ.

ತುದಿ ಮುಟ್ಟಿ, ಪಕ್ಕದ ಕುರಿದಾರಿಯಲ್ಲಿ ಇಳಿದು ಬಂದಳು,
ಮೀಟರಿನಲ್ಲಿ ಉಳಿದದ್ದು ಒಂದೇ ಗೆರೆ,
ಇಳಿಯುತ್ತ ಇಳಿಯುತ್ತ ಅದಕ್ಕೊಂದಿಷ್ಟು ಜೀವ ತುಂಬಿಸಿಕೊಂಡು.
ನನ್ನ ದಾಟುವಾಗ ಕೈಗವಸಿನ ಬೆರಳೆತ್ತಿದಳು:
ಒಂದು.
ನಗಲಿಲ್ಲ, ನಿಲ್ಲಲೂ ಇಲ್ಲ.

ಮೋಟು ಪೆನ್ಸಿಲಿಗೆ ರಬ್ಬರು ಎಲ್ಲಿಯದು.
ಸೊನ್ನೆಯ ಹೊಟ್ಟೆಯೊಳಗೇ ಒಂದು ಗೀಟು ಎಳೆದೆ.

ಇಡ್ವಲ್ ಕಣ್ಣು ತೆರೆದ.
"ಬ್ಯಾಟರಿ ಹುಡುಗಿಯ ಸರದಿ ಯಾವಾಗ?"
ಹತ್ತಿ ಇಳಿದಾಯಿತು ಅಂದೆ.
ಅವನು ಕುರ್ಚಿಯನ್ನು ಗುಡ್ಡಕ್ಕೆ
ಇನ್ನೊಂದು ಮಾರು ಹತ್ತಿರ ಎಳೆದುಕೊಂಡ,
ಕಿವಿಯ ಮೇಲಿನ ಉಣ್ಣೆ ಟೊಪ್ಪಿ ಸರಿಸಿದ.