ಹಿಂಗಾಲು

ಹಿಲ್ಕಾಳ ಹಳೇ ವೋಲ್ವೊ ತಿರುವಿಗೆ ಬಂದರೆ
ಮುಂದಿನ ಗಾಲಿ ಹೌದೆಂದದ್ದಕ್ಕೆ ಹಿಂದಿನದು ಅಲ್ಲವೆನ್ನುತ್ತಿತ್ತು;
ಪೈಯನ್ನೆ ಸರೋವರದ ಅಂಚಿನ ಜಲ್ಲಿ ರಸ್ತೆಯಲ್ಲಿ
ಹಗ್ಗ ಕಿತ್ತ ಕರುವಿನ ಹಾಗೆ ಬಾಲ ಬೀಸುತ್ತಿತ್ತು.

ಮೊನ್ನೆ ಶೆಡ್ಡಿನಲ್ಲಿ, ಹೊರಗೆ ಮೈನಸ್ ಹನ್ನೆರಡು,
ಜಾಕಿಗೆ ಏರಿಸಿ ಹಿಂದಿನ ಬೋಲ್ಟಿಗೆ ಕೈಹಾಕಿದಳು.
ಹತ್ತೊಂಬತ್ತು ಚಳಿಗಾಲದ ತುಕ್ಕು. ಜಗ್ಗಲಿಲ್ಲ.
ಎಣ್ಣೆ ಕುಡಿಸಿ, ಬೆಂಕಿ ತೋರಿಸಿ, ಕೊನೆಗೆ ಬೈದಳು.
ಬೈಗುಳಕ್ಕೆ ಬಿಟ್ಟುಕೊಟ್ಟಿತು.

ಹೊರಬಂದ ಸ್ಪ್ರಿಂಗುಗಳಲ್ಲಿ ಎಡಗಡೆಯದು
ಒಂದು ಬೆರಳು ಗಿಡ್ಡ.
‘ನೋಡು, ಇಷ್ಟು ವರ್ಷ ಕೂತ ನಾನು’ ಎಂದು
ಬೆಂಚಿನ ಮೇಲೆ ನಿಲ್ಲಿಸಿದಳು.

ಹೊಸ ಡ್ಯಾಂಪರು, ಹೆಬ್ಬೆರಳು ಗಾತ್ರದ ಅಡ್ಡಸರಳು,
ಸವೆದ ರಬ್ಬರಿನ ಜಾಗಕ್ಕೆ ಗಟ್ಟಿ ಬುಶ್ಶು.
ನಾನು ದೀಪ ಹಿಡಿದಿದ್ದೆ, ಅಷ್ಟೇ.

ಬೆಳಿಗ್ಗೆ, ದೋಣಿಮನೆ ದಾಟಿದ ಮೇಲಿನ ಎಡ ತಿರುವು.
ಕಾರು ಹೇಳಿದಲ್ಲಿಗೆ ಹೋಯಿತು,
ಸೂಜಿಯ ಹಿಂದಿನ ದಾರದಂತೆ.
ಅವಳ ಕೈ ಮಾತ್ರ
ಬಾರದ ಬಾಲದ ಬೀಸಿಗೆ
ಮೊದಲೇ ಸ್ಟಿಯರಿಂಗನ್ನು ಎದುರು ತಿರುಗಿಸಿಬಿಟ್ಟಿತ್ತು;
ಹಿಮದ ದಿಬ್ಬಕ್ಕೆ ಮೂಗು ಕೊಟ್ಟು ನಿಂತೆವು.

ವೈಪರು ಒಂದು ಸಲ ಅತ್ತಿತ್ತ ಆಡಿತು.
ಹಿಲ್ಕಾ ರಿವರ್ಸ್ ಹಾಕುತ್ತ ಅಂದಳು:
‘ಕಾರು ಆಯ್ತು. ಕೈ ಬಾಕಿ.’